ಮುಕ್ತ ಆಪರೇಟಿಂಗ್ ಸಿಸ್ಟಂ ಬಳಕೆದಾರರ ಬಳಗ: ಕಟ್ಟುವುದು, ನಡೆಸುವುದು, ನಿಲ್ಲದಂತೆ ನೋಡಿಕೊಳ್ಳುವುದು

ಕಂಪ್ಯೂಟರ್ ಬಳಕೆದಾರರ ಬಳಗಗಳು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ಗಿಂತ ಎಷ್ಟೋ ಹಳೆಯವು. ಐಬಿಎಂ ಯಂತ್ರ ಬಳಸುತ್ತಿದ್ದವರು 1955ರಲ್ಲೇ ‘ಶೇರ್’ ಎಂಬ ಬಳಗ ಕಟ್ಟಿಕೊಂಡಿದ್ದರು. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಸಿಸ್ಟಂನ ಬಳಕೆದಾರರು 1975ರಲ್ಲಿ ಒಟ್ಟುಗೂಡಿದರು, ಅದೇ ಮುಂದೆ ಯೂಸ್‌ನಿಕ್ಸ್ ಆಯಿತು. ಆಗ ಟೇಪು, ಪ್ರೋಗ್ರಾಂ, ಅನುಭವ ಎಲ್ಲವೂ ಕೈಯಿಂದ ಕೈಗೇ ಹೋಗಬೇಕಿತ್ತು. ಈಗ ಯಾವ ಡಿಸ್ಟ್ರೋ (ಬಳಸಲು ಸಿದ್ಧಮಾಡಿದ ಲಿನಕ್ಸ್ ಸಂಕಲನ) ಬೇಕಾದರೂ ಮನೆಯಲ್ಲೇ ಕೂತು ಇಳಿಸಿಕೊಳ್ಳಬಹುದು. ಹಾಗಿದ್ದರೆ ಬಳಗ ಯಾಕೆ? ಇರುವ ಒಂದೇ ಲ್ಯಾಪ್‌ಟಾಪ್ ಕಪ್ಪು ಪರದೆ ತೋರಿಸಿ ನಿಂತಾಗ ಹುಡುಕಿ ಓದುವುದಕ್ಕೂ ಇನ್ನೊಂದು ಯಂತ್ರ ಇರುವುದಿಲ್ಲ. ಪಕ್ಕದಲ್ಲಿ ಕೂತು ಪರದೆ ನೋಡುವ ಇನ್ನೊಂದು ಜೊತೆ ಕಣ್ಣು ಆಗ ಬೇಕಾಗುತ್ತದೆ.

ಆದ್ದರಿಂದ ಬಳಗದ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ತೊಡಕು ಹಿಡಿದು ಬಂದವರು ಮನೆಗೆ ಹೋಗುವಾಗ ಆ ತೊಡಕು ಬಿಡಿಸಿಕೊಂಡಿರಬೇಕು, ಇಲ್ಲವೇ ಮುಂದಿನ ಹೆಜ್ಜೆ ಯಾವುದೆಂದು ತಿಳಿದಿರಬೇಕು. ಉಪನ್ಯಾಸ, ಸ್ಟಿಕ್ಕರ್, ಲೋಗೋ ಎಲ್ಲ ಆಮೇಲಿನ ಮಾತು. ಹತ್ತು ಹನ್ನೆರಡು ಜನರ ಬಳಗಕ್ಕೆ ಇದು ಸುಲಭ, ನೂರು ಜನರಾದರೆ ಕಷ್ಟ. ಚಿಕ್ಕದಾಗಿಯೇ ಇಟ್ಟುಕೊಳ್ಳಿ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಮೊದಲು ಮೂವರು

ಒಬ್ಬರೇ ಶುರುಮಾಡಬೇಡಿ. ನಿಮಗೆ ಜ್ವರ ಬಂದ ದಿನ ಸಭೆ ರದ್ದಾಗುತ್ತದೆ. ಎರಡು ಸಲ ರದ್ದಾದರೆ ಮೂರನೆಯ ಸಲ ಬಾಗಿಲಿಗೆ ಬರುವವರೇ ಇರುವುದಿಲ್ಲ. ಇನ್ನಿಬ್ಬರು ಸಿಗುವ ತನಕ ಕಾಯಿರಿ, ಸಿಕ್ಕ ಮೇಲೆ ಕೆಲಸ ಹೀಗೆ ಹಂಚಿಕೊಳ್ಳಿ: ಒಬ್ಬರಿಗೆ ಜಾಗ ಮತ್ತು ಸಾಮಾನು, ಒಬ್ಬರಿಗೆ ವಿಷಯ ಮತ್ತು ಮಾತಾಡುವವರು, ಒಬ್ಬರಿಗೆ ಹೊಸಬರು. ಮೂರನೆಯದನ್ನು ಹಗುರವಾಗಿ ಕಾಣುವವರೇ ಹೆಚ್ಚು. ಆದರೆ ಬಳಗ ಉಳಿಯುವುದೂ ಅಳಿಯುವುದೂ ಅಲ್ಲೇ. ಹೊಸಬರ ಹೊಣೆ ಹೊತ್ತವರು ಆ ದಿನ ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳಬಾರದು, ಪ್ರೊಜೆಕ್ಟರ್ ಕೆಟ್ಟರೂ ಅತ್ತ ತಿರುಗಬಾರದು.

ಪ್ರತಿಯೊಂದು ಕೀಲಿ, ಪ್ರತಿಯೊಂದು ಪಾಸ್‌ವರ್ಡ್ ಇಬ್ಬರ ಬಳಿ ಇರಲಿ. ಡೊಮೈನ್ ಹೆಸರು, ಇಮೇಲ್ ಖಾತೆ, ಚಾಟ್ ಗುಂಪಿನ ನಿರ್ವಾಹಕ ಹಕ್ಕು, ಕೋಣೆಯ ಬೀಗದ ಕೈ ಎಲ್ಲಕ್ಕೂ ಇದೇ ನಿಯಮ. ಪಾಸ್‌ವರ್ಡ್ ಕಾಪಿಡುವ ಕೀಪಾಸ್‌ಎಕ್ಸ್‌ಸಿ ಎಂಬ ಪ್ರೋಗ್ರಾಂನಲ್ಲಿ ಒಂದು ಫೈಲ್ ಮಾಡಿ ಮೂವರೂ ಪ್ರತಿ ಇಟ್ಟುಕೊಳ್ಳಿ. ಎರಡು ಹಂತದ ದೃಢೀಕರಣ ಇರುವ ಖಾತೆಗಳ ತುರ್ತು ಕೋಡ್‌ಗಳನ್ನು ಕಾಗದದಲ್ಲಿ ಮುದ್ರಿಸಿ ಇಬ್ಬರ ಮನೆಯಲ್ಲಿಡಿ. ಡೊಮೈನ್ ನವೀಕರಣದ ನೆನಪೋಲೆ ಊರು ಬಿಟ್ಟುಹೋದ ಸದಸ್ಯರ ಹಳೆಯ ಇಮೇಲ್‌ಗೆ ಹೋಗಿ ಬಿದ್ದು, ಹೆಸರು ಬೇರೆಯವರ ಪಾಲಾಗುವುದು ಬಳಗಗಳಿಗೆ ಹೊಸದೇನಲ್ಲ.

ಹೆಸರಿಡುವಾಗಲೂ ಸ್ವಲ್ಪ ಯೋಚಿಸಿ. ಹೆಸರಿನಲ್ಲಿ ‘ಲಿನಕ್ಸ್’ ಎಂದಷ್ಟೇ ಇದ್ದರೆ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಂಬ ಬೇರೆ ಮುಕ್ತ ಸಿಸ್ಟಂಗಳನ್ನು ಬಳಸುವವರು ಇದು ತಮ್ಮದಲ್ಲ ಎಂದುಕೊಳ್ಳುತ್ತಾರೆ. ಫೈಲ್ ಸಿಸ್ಟಂ, ಫೈರ್‌ವಾಲ್ ವಿಚಾರಗಳಲ್ಲಿ ಅವರಿಂದ ಕಲಿಯುವುದು ಬಹಳಷ್ಟಿರುತ್ತದೆ, ಅದನ್ನು ಹೆಸರಿಗಾಗಿ ಕಳೆದುಕೊಳ್ಳಬೇಡಿ. ಒಂದೇ ಡಿಸ್ಟ್ರೋದ ಹೆಸರಿಟ್ಟರೆ ಬಾಗಿಲು ಇನ್ನೂ ಕಿರಿದಾಗುತ್ತದೆ. ಲಿನಕ್ಸ್ ಎಂಬುದು ಅದನ್ನು ಶುರುಮಾಡಿದ ಲೀನಸ್ ಟೊರ್ವಾಲ್ಡ್ಸ್ ಅವರ ನೋಂದಾಯಿತ ಟ್ರೇಡ್‌ಮಾರ್ಕ್ ಎಂಬುದೂ ನೆನಪಿರಲಿ. ಡಿಸ್ಟ್ರೋಗಳ ಲೋಗೋಗಳಿಗೂ ಅವುಗಳದೇ ನಿಯಮಗಳಿವೆ, ಟೀ ಶರ್ಟ್ ಮೇಲೆ ಅಚ್ಚು ಹಾಕಿಸುವ ಮೊದಲು ಓದಿಕೊಳ್ಳಿ.

ದಿನ ಮತ್ತು ಜಾಗ

‘ಪ್ರತಿ ತಿಂಗಳ ಎರಡನೆಯ ಶನಿವಾರ’ ಎಂಬಂತೆ ದಿನ ಗಟ್ಟಿಮಾಡಿ. ಪ್ರತಿ ತಿಂಗಳೂ ಯಾವ ದಿನ ಅನುಕೂಲ ಎಂದು ಮತ ಕೇಳುತ್ತ ಕೂತರೆ ಎಲ್ಲರಿಗೂ ಒಪ್ಪಿಗೆಯಾಗುವ ದಿನ ಸಿಗುವುದೇ ಇಲ್ಲ, ಸಿಕ್ಕರೂ ಯಾರಿಗೂ ನೆನಪಿರುವುದಿಲ್ಲ. ಕೆಲವರಿಗೆ ಆ ದಿನ ಎಂದಿಗೂ ಆಗದು. ಅದನ್ನು ಒಪ್ಪಿಕೊಳ್ಳಲೇಬೇಕು. ಮೂರು ತಿಂಗಳ ದಿನಾಂಕಗಳನ್ನು ಒಟ್ಟಿಗೇ ಪ್ರಕಟಿಸಿ. ಜಾಗವನ್ನೂ ಆದಷ್ಟು ಬದಲಿಸಬೇಡಿ.

ಗ್ರಂಥಾಲಯದ ಕೋಣೆ, ಕಾಲೇಜಿನ ಲ್ಯಾಬ್, ರಜಾದಿನ ಖಾಲಿ ಇರುವ ಕಚೇರಿ ಯಾವುದಾದರೂ ಆದೀತು. ನೋಡಲು ಹೋದಾಗ ಕುರ್ಚಿ ಎಣಿಸಿ ಬರಬೇಡಿ, ಮೇಜು ಎಣಿಸಿ. ಸಾಲಾಗಿ ಕುರ್ಚಿ ಹಾಕಿದ ಕೋಣೆಯಲ್ಲಿ ಉಪನ್ಯಾಸ ಕೇಳಬಹುದು, ಲ್ಯಾಪ್‌ಟಾಪ್ ಬಿಚ್ಚಿ ಕೆಲಸ ಮಾಡಲಾಗದು. ಮೆಟ್ಟಿಲಿಲ್ಲದೆ ಒಳಗೆ ಬರಬಹುದೇ, ಶೌಚಾಲಯ ಎಲ್ಲಿದೆ, ಸಭೆ ಮುಗಿಯುವ ಹೊತ್ತಿಗೆ ಬಸ್ಸು ಇರುತ್ತದೆಯೇ, ಬಾಗಿಲು ಹಾಕುವವರು ಎಷ್ಟು ಗಂಟೆಗೆ ಬರುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ.

ಆಮೇಲೆ ಕರೆಂಟು. ಸಾಮಾನ್ಯ ಲ್ಯಾಪ್‌ಟಾಪ್ ಚಾರ್ಜರ್ 45ರಿಂದ 65 ವಾಟ್. 20 ಲ್ಯಾಪ್‌ಟಾಪ್‌ಗೆ ತಲಾ 65 ಎಂದರೆ 1300 ವಾಟ್. 230 ವೋಲ್ಟ್ ಇರುವ ಕಡೆ ಇದು 5.7 ಆಂಪಿಯರ್, 120 ವೋಲ್ಟ್ ಇರುವ ಕಡೆ 10.8. ಗೇಮಿಂಗ್ ಲ್ಯಾಪ್‌ಟಾಪ್ ಒಂದೇ 200 ವಾಟ್ ಮೀರಬಹುದು. ಪ್ರೊಜೆಕ್ಟರನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸುವುದು ಬೇಡವೇ ಬೇಡ. ಕೊನೆಯ ಬೋರ್ಡಿನವರಿಗೆ ಏನೂ ಗೊತ್ತಾಗುವುದಿಲ್ಲ, ಎಲ್ಲರ ಭಾರ ಹೊತ್ತ ಮೊದಲ ಬೋರ್ಡಿನ ವೈರು ಬಿಸಿಯಾಗುತ್ತದೆ. ಬೇರೆ ಬೇರೆ ಗೋಡೆಯ ಸಾಕೆಟ್‌ಗಳಿಂದ ಒಂದೊಂದು ಬೋರ್ಡು ಎಳೆಯಿರಿ. ಓಡಾಡುವ ದಾರಿಗೆ ಅಡ್ಡ ಬಂದ ವೈರಿಗೆ ಟೇಪು ಹಾಕಿ.

ಕೋಣೆಯ ವೈಫೈ ನಂಬಿ ಹೋದರೆ ಮೂರು ಕಡೆ ಎಡವುತ್ತೀರಿ. ಬ್ರೌಸರ್‌ನಲ್ಲಿ ಲಾಗಿನ್ ಕೇಳುವ ವೈಫೈ ಆದರೆ ಎಷ್ಟೋ ಇನ್‌ಸ್ಟಾಲರ್‌ಗಳಲ್ಲಿ ಬ್ರೌಸರ್ ಇರುವುದಿಲ್ಲ. ಒಂದು ಯಂತ್ರ ಇನ್ನೊಂದನ್ನು ಕಾಣದಂತೆ ತಡೆದಿದ್ದರೆ ಎಸ್‌ಎಸ್‌ಎಚ್ (ಒಂದು ಯಂತ್ರದಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಕ್ರಮ) ಪಾಠ ಅಲ್ಲಿಗೇ ನಿಲ್ಲುತ್ತದೆ. ಎರಡೂ ಇಲ್ಲದಿದ್ದರೂ 20 ಜನ ತಲಾ 5 ಜಿಬಿ ಇಮೇಜ್ (ಇನ್‌ಸ್ಟಾಲ್‌ಗೆ ಬೇಕಾದದ್ದೆಲ್ಲ ಇರುವ ಒಂದೇ ಫೈಲ್) ಇಳಿಸಲು ಹೊರಟರೆ 100 ಜಿಬಿ ಆಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನ ಮಾತು ಬಿಡಿ, ಹತ್ತು ಯಂತ್ರ ಸೇರುವುದರೊಳಗೆ ಅನೇಕ ಫೋನುಗಳು ಸಾಕು ಎನ್ನುತ್ತವೆ.

ಇದಕ್ಕೆ ಪರಿಹಾರ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತದೆ: ಬಳಗದ್ದೇ ಆದ ಒಂದು ಹಳೆಯ ರೌಟರ್, 8 ಪೋರ್ಟಿನ ಗಿಗಾಬಿಟ್ ಸ್ವಿಚ್, ಎರಡು ಮೂರು ಮೀಟರಿನ 8 ನೆಟ್‌ವರ್ಕ್ ಕೇಬಲ್, ಈಥರ್ನೆಟ್ ಪೋರ್ಟ್ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳಿಗಾಗಿ ಎರಡು ಯುಎಸ್‌ಬಿ ಅಡಾಪ್ಟರ್, ಮತ್ತು ಮೂಲೆಗೆ ಸೇರಿದ್ದ ಒಂದು ಲ್ಯಾಪ್‌ಟಾಪ್. ಆ ಲ್ಯಾಪ್‌ಟಾಪ್‌ನಲ್ಲಿ ಇಮೇಜ್‌ಗಳನ್ನೆಲ್ಲ ಮೊದಲೇ ಇಳಿಸಿಟ್ಟು, ಪೈಥಾನ್‌ನೊಂದಿಗೇ ಬರುವ ಪುಟ್ಟ ಎಚ್‌ಟಿಟಿಪಿ ಸರ್ವರಿನಿಂದ ಹಂಚಿ. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹರಿಯುತ್ತದೆ, ಡಿಸ್ಕ್ ತಾಳಿಕೊಂಡರೆ 6 ಜಿಬಿ ಒಂದು ನಿಮಿಷದ ಕೆಲಸ. ಡೆಬಿಯನ್, ಉಬುಂಟು ಕುಟುಂಬದ ಡಿಸ್ಟ್ರೋ ಬಳಸುವವರಿಗಾಗಿ ಅದರಲ್ಲೇ ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ಪ್ರೋಗ್ರಾಂ ಹಾಕಿ. 3142ನೆಯ ಪೋರ್ಟ್‌ನಲ್ಲಿ ಕೂತು, ಒಬ್ಬರು ಇಳಿಸಿದ ಪ್ಯಾಕೇಜನ್ನು ಉಳಿದವರಿಗೆ ತನ್ನಲ್ಲಿಂದಲೇ ಕೊಡುತ್ತದೆ. ಇಪ್ಪತ್ತು ಯಂತ್ರಗಳಿಗೆ ಅರ್ಧರ್ಧ ಜಿಬಿ ಅಪ್‌ಡೇಟ್ ಇದ್ದರೆ ಹೊರಗಿನಿಂದ ತರಬೇಕಾದದ್ದು 10 ಜಿಬಿ ಅಲ್ಲ, ಎಲ್ಲರದೂ ಒಂದೇ ಆವೃತ್ತಿಯಾದರೆ ಅರ್ಧ ಜಿಬಿಯ ಆಸುಪಾಸು. ಎಚ್‌ಟಿಟಿಪಿಎಸ್ ವಿಳಾಸದ ಪ್ಯಾಕೇಜ್ ಭಂಡಾರಗಳನ್ನು ಮಾತ್ರ ಅದು ಹೀಗೆ ಕೂಡಿಡಲಾರದು.

ಎರಡು ಗಂಟೆ ಹೇಗೆ ಕಳೆಯಬೇಕು

ಸಭೆಗೆ 15 ನಿಮಿಷ ಮೊದಲು ಹೊಸಬರ ಹೊಣೆಯವರು ಬಾಗಿಲಲ್ಲಿರಲಿ. ಬಂದವರಿಗೆ ಎರಡೇ ಪ್ರಶ್ನೆ: ಯಾವ ಯಂತ್ರ ತಂದಿದ್ದೀರಿ, ಇವತ್ತು ಏನಾಗಬೇಕು? ಉತ್ತರವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆ ಕಾಗದವೇ ಆ ದಿನದ ನಿಜವಾದ ಕಾರ್ಯಸೂಚಿ. ಜೊತೆಗೆ ಬಂದವರನ್ನು ‘ನೀವು ಸುಮ್ಮನೆ ಬಂದಿರಾ’ ಎಂದು ಕೇಳಬೇಡಿ, ವಿಷಯ ಬಲ್ಲವರು ಅವರೇ ಆಗಿರಬಹುದು. ಹೆಂಗಸರಿಗೂ ವಯಸ್ಸಾದವರಿಗೂ ಈ ಪ್ರಶ್ನೆ ಎಷ್ಟು ಸಲ ಎದುರಾಗುತ್ತದೆ ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ.

ಮೊದಲ 10 ನಿಮಿಷ ಪರಿಚಯ ಮತ್ತು ಸುದ್ದಿ. ಮುಂದಿನ 30 ನಿಮಿಷ ಒಬ್ಬರ ಮಾತು, ಅದಕ್ಕೆ 10 ನಿಮಿಷ ಪ್ರಶ್ನೆ. ಆಮೇಲೆ 15 ನಿಮಿಷ ವಿರಾಮ. ಹೊತ್ತು ಮೀರಿದೆ ಎಂದು ವಿರಾಮ ಕತ್ತರಿಸಬೇಡಿ. ಎಲ್ಲರೆದುರು ಕೇಳಲು ನಾಚುವ ಪ್ರಶ್ನೆಗಳೆಲ್ಲ ಆಗಲೇ ಹೊರಬರುತ್ತವೆ. ನಂತರದ 50 ನಿಮಿಷ ಮೇಜಿನ ಕೆಲಸ: ಬಾಗಿಲಲ್ಲಿ ಬರೆದ ಕಾಗದ ನೋಡಿ, ಯಾರು ಯಾರ ಪಕ್ಕ ಕೂರಬೇಕೆಂದು ಹೇಳಿ. ಕೊನೆಯ 5 ನಿಮಿಷದಲ್ಲಿ ಮುಂದಿನ ದಿನಾಂಕ, ಮುಂದೆ ಮಾತಾಡುವವರ ಹೆಸರು.

ಉಚಿತ ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನ ಬಂದರೆ ಅದು ಮಾಮೂಲು. ಮೊದಲ ಸಭೆಗೆ ಕುತೂಹಲದಿಂದ ಬರುತ್ತಾರೆ, ಮೂರನೆಯದಕ್ಕೆ ತೆಳುವಾಗುತ್ತದೆ. ಆರು ಸಭೆ ಮುಗಿಯುವ ತನಕ ಬಳಗ ನಡೆಯುತ್ತದೋ ಇಲ್ಲವೋ ಎಂದು ತೀರ್ಮಾನಿಸಬೇಡಿ.

ಮಾತಾಡುವವರನ್ನು ಹುಡುಕುವುದಕ್ಕೂ ಒಂದು ಕ್ರಮವಿದೆ. ‘ಮುಂದಿನ ತಿಂಗಳು ಯಾರಾದರೂ ಮಾತಾಡ್ತೀರಾ?’ ಎಂದು ಗುಂಪಿಗೆ ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ‘ನೀವು ಹೋದ ಸಲ ಹೇಳಿದಿರಲ್ಲ, ಫೋಟೋಗಳ ಬ್ಯಾಕಪ್ ಸ್ಕ್ರಿಪ್ಟ್, ಅದನ್ನೇ ಹತ್ತು ನಿಮಿಷ ತೋರಿಸಿ’ ಎಂದು ಒಬ್ಬರನ್ನೇ ಕೇಳಿದರೆ ಒಪ್ಪುವವರೇ ಹೆಚ್ಚು. ಅರ್ಧ ಗಂಟೆಯ ಒಂದು ಉಪನ್ಯಾಸಕ್ಕಿಂತ ಹತ್ತು ನಿಮಿಷದ ಮೂರು ಮಾತು ಎಷ್ಟೋ ಸಲ ಚೆನ್ನಾಗಿರುತ್ತದೆ. ಒಪ್ಪಿಕೊಂಡವರು ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಂಡರೆ ಹೇಳಲು ನಿಮ್ಮ ಮೂವರಲ್ಲಿ ಒಬ್ಬರ ಬಳಿ ಒಂದು ವಿಷಯ ಯಾವಾಗಲೂ ಸಿದ್ಧವಿರಲಿ.

‘ಲಿನಕ್ಸ್ ಪರಿಚಯ’ ಎಂಬ ವಿಷಯಕ್ಕೆ ಹೊಸಬರೂ ಬರುವುದಿಲ್ಲ, ಹಳಬರೂ ಬರುವುದಿಲ್ಲ. ಕೈಗೆ ಕೆಲಸ ಕೊಡುವ ವಿಷಯ ಹಿಡಿಯಿರಿ. ರೆಸ್ಟಿಕ್ ಅಥವಾ ಬೋರ್ಗ್ ಎಂಬ ಪ್ರೋಗ್ರಾಂನಿಂದ ಬ್ಯಾಕಪ್ ತೆಗೆದು, ಎಲ್ಲರೆದುರು ಫೋಲ್ಡರ್ ಅಳಿಸಿ, ಮರಳಿ ತರುವುದು. ಬೇಕೆಂದೇ ಬೂಟ್‌ಲೋಡರ್ (ಸಿಸ್ಟಂ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಕೆಡಿಸಿಟ್ಟ ವರ್ಚುವಲ್ ಯಂತ್ರವನ್ನು (ಕಂಪ್ಯೂಟರಿನೊಳಗೇ ಪ್ರೋಗ್ರಾಂ ಆಗಿ ಓಡುವ ಇನ್ನೊಂದು ಕಂಪ್ಯೂಟರನ್ನು) ಎಬ್ಬಿಸುವುದು. ಎಸ್‌ಎಸ್‌ಎಚ್ ಕೀಲಿ ಮಾಡಿಕೊಂಡು ಪಾಸ್‌ವರ್ಡ್ ಲಾಗಿನ್ ಮುಚ್ಚುವುದು. ಫ್ರೀಬಿಎಸ್‌ಡಿಯಲ್ಲಿ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನ ಬೂಟ್ ಪರಿಸರ (ಮರಳಿ ಹೋಗಬಹುದಾದ ಸಿಸ್ಟಂ ಪ್ರತಿ) ಮಾಡಿಟ್ಟು, ಅಪ್‌ಡೇಟ್ ಕೆಟ್ಟರೆ ಹಿಂದಕ್ಕೆ ಹೋಗುವುದು. ಓಪನ್‌ಬಿಎಸ್‌ಡಿಯ ಪಿಎಫ್ ಎಂಬ ಫೈರ್‌ವಾಲ್ ಪ್ರೋಗ್ರಾಂನಲ್ಲಿ ಹತ್ತು ಸಾಲಿನ ಫೈರ್‌ವಾಲ್ ಬರೆಯುವುದು. ಇಂಥ ಪಾಠಕ್ಕೆ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕಿನ ಒಂದು ವರ್ಚುವಲ್ ಯಂತ್ರದ ಫೈಲನ್ನು ಮೊದಲೇ ಹಂಚಿಬಿಡಿ. ಎಲ್ಲರೂ ಒಂದೇ ಕಡೆಯಿಂದ ಹೊರಡುತ್ತಾರೆ, ಕೆಟ್ಟರೆ ಮೊದಲೇ ಉಳಿಸಿಟ್ಟ ಸ್ಥಿತಿಗೆ (ಸ್ನ್ಯಾಪ್‌ಶಾಟ್‌ಗೆ) ಮರಳುತ್ತಾರೆ.

ಪ್ರೊಜೆಕ್ಟರ್ ಬಗ್ಗೆ ನಾಲ್ಕು ಮಾತು. ಕೋಣೆಯದ್ದು ವಿಜಿಎ ಮಾತ್ರ ಇರಬಹುದು, ತಂದ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ-ಸಿ ಮಾತ್ರ ಇರಬಹುದು. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಯುಎಸ್‌ಬಿ-ಸಿ ಮೂರರಿಂದಲೂ ವಿಜಿಎ ಮತ್ತು ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್‌ಗಳು ಪೆಟ್ಟಿಗೆಯಲ್ಲಿರಲಿ. ಎಲ್ಲ ಯುಎಸ್‌ಬಿ-ಸಿ ಪೋರ್ಟುಗಳೂ ಚಿತ್ರ ಕಳಿಸುವುದಿಲ್ಲ, ಕೆಲವು ಚಾರ್ಜ್ ಮತ್ತು ಡೇಟಾಗೆ ಮಾತ್ರ. ಆದ್ದರಿಂದ ಸಭೆಗೆ ಮೊದಲೇ ಸಿಕ್ಕಿಸಿ ನೋಡಿ. ಪರದೆಗಳನ್ನು ಪ್ರತಿಬಿಂಬ ಕ್ರಮದಲ್ಲಿಡಿ. ಟರ್ಮಿನಲ್ ಅಕ್ಷರ 20 ಪಾಯಿಂಟ್‌ಗಿಂತ ಚಿಕ್ಕದಿರಬಾರದು, ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರ ಇರಲಿ. ಬೆಳಕಿರುವ ಕೋಣೆಯಲ್ಲಿ ಕಪ್ಪಿನ ಮೇಲಿನ ಹಸಿರು ಚಂದ ಕಾಣುವುದು ಮಾತಾಡುವವರಿಗೆ ಮಾತ್ರ.

ಇನ್‌ಸ್ಟಾಲ್ ದಿನ

ವರ್ಷಕ್ಕೆ ಎರಡು ಮೂರು ಸಲ ಇಡೀ ದಿನ ಇನ್‌ಸ್ಟಾಲ್‌ಗೇ ಮೀಸಲಿಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು. ಹೀಗಾಗಿ ಚೆನ್ನಾಗಿಯೇ ಇರುವ, ಆದರೆ ಮುಂದೆ ಹೋಗಲಾಗದ ಯಂತ್ರಗಳು ನಿಮ್ಮ ಬಾಗಿಲಿಗೆ ಬರುತ್ತವೆ. ಬಳಗದ ಹೆಸರು ಉಳಿಯುವುದೂ ಕೆಡುವುದೂ ಈ ದಿನವೇ.

ಪೆನ್‌ಡ್ರೈವ್ ಐದಾದರೂ ಇರಲಿ. 64 ಜಿಬಿಯ ಎರಡಕ್ಕೆ ವೆಂಟಾಯ್ ಎಂಬ ಪ್ರೋಗ್ರಾಂ ಹಾಕಿ ಹಲವು ಇಮೇಜ್ ತುಂಬಿ. ಉಳಿದ ಮೂರಕ್ಕೆ ಒಂದೊಂದೇ ಇಮೇಜ್ ಬರೆಯಿರಿ, ಏಕೆಂದರೆ ಕೆಲವು ಯಂತ್ರಗಳ ಫರ್ಮ್‌ವೇರ್‌ಗೆ (ಯಂತ್ರದೊಳಗೇ ಕೂತಿರುವ ಮೂಲ ಪ್ರೋಗ್ರಾಂಗೆ) ವೆಂಟಾಯ್ ಸೇರುವುದಿಲ್ಲ, ಸೆಕ್ಯೂರ್ ಬೂಟ್ (ಸಹಿಯಿಲ್ಲದ ಸಿಸ್ಟಂ ಏಳದಂತೆ ತಡೆಯುವ ಕಾವಲು) ಇದ್ದರೆ ವೆಂಟಾಯ್ ಮೊದಲ ಸಲ ತನ್ನ ಕೀಲಿ ನೋಂದಾಯಿಸಲು ಕೇಳುತ್ತದೆ. ಡೆಬಿಯನ್, ಮಿಂಟ್, ಫೆಡೋರಾ, ಹಗುರ ಡೆಸ್ಕ್‌ಟಾಪಿನ ಒಂದು ಡಿಸ್ಟ್ರೋ, ಡಿಸ್ಕ್ ಪಾಲುಮಾಡುವ ಜಿಪಾರ್ಟೆಡ್ ಲೈವ್, ಡಿಸ್ಕಿನ ಪ್ರತಿ ತೆಗೆಯುವ ಕ್ಲೋನ್‌ಝಿಲ್ಲಾ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಇವಿಷ್ಟು ಸಾಕು. ಫ್ರೀಬಿಎಸ್‌ಡಿಗೆ ‘ಮೆಮ್‌ಸ್ಟಿಕ್’ ಎಂಬ ಹೆಸರಿನ ಇಮೇಜನ್ನೇ ಇಳಿಸಿ. ತೀರ ಹಳೆಯ 32 ಬಿಟ್ ಯಂತ್ರಕ್ಕೆ ಆಗಸ್ಟ್ 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಇನ್‌ಸ್ಟಾಲರ್ ಇಲ್ಲ, ಅಂಥವಕ್ಕಾಗಿ ಡೆಬಿಯನ್ 12 ಕೈಯಲ್ಲಿರಲಿ.

ಇಳಿಸಿದ ಇಮೇಜಿನ ಎಸ್‌ಎಚ್‌ಎ256 ಮೊತ್ತವನ್ನು (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತನ್ನು) ಡಿಸ್ಟ್ರೋ ಪ್ರಕಟಿಸಿದ್ದರ ಜೊತೆ ತಾಳೆ ನೋಡಿ, 64 ಅಕ್ಷರಗಳೂ ಹೊಂದಬೇಕು. ಮೊತ್ತವಿರುವ ಫೈಲಿನ ಜಿಪಿಜಿ ಸಹಿಯನ್ನೂ (ಪ್ರಕಟಿಸಿದವರ ಡಿಜಿಟಲ್ ಸಹಿಯನ್ನೂ) ಪರೀಕ್ಷಿಸಿ. ಇಮೇಜ್ ಬದಲಿಸಬಲ್ಲವರು ಪಕ್ಕದ ಮೊತ್ತವನ್ನೂ ಬದಲಿಸಬಲ್ಲರು. ಡಿಡಿ ಕಮ್ಯಾಂಡಿನಿಂದ ಪೆನ್‌ಡ್ರೈವಿಗೆ ಬರೆಯುವವರು ಮೊದಲು ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಓಡಿಸಿ ಯಾವ ಡಿಸ್ಕ್ ಎಂದು ಖಚಿತಮಾಡಿಕೊಳ್ಳಿ. ಬರೆಯಬೇಕಾದ್ದು ಇಡೀ ಪೆನ್‌ಡ್ರೈವಿಗೆ, ಅದರ ಒಂದನೆಯ ಪಾರ್ಟಿಶನ್‌ಗಲ್ಲ (ಪಾಲಿಗಲ್ಲ). ಪ್ರಾಂಪ್ಟ್ ಮರಳಿದ ಕೂಡಲೇ ಕಿತ್ತರೆ ಬಫರಿನಲ್ಲಿ ಉಳಿದದ್ದು ಬರೆದಿರುವುದಿಲ್ಲ, ‘ಸಿಂಕ್’ ಕಮ್ಯಾಂಡ್ ಓಡಿಸಿ, ಅದು ಮುಗಿಯಲಿ. ಒಂದು ಅಕ್ಷರ ತಪ್ಪಿದರೆ ಡಿಡಿ ಕೇಳದೆ ಯಂತ್ರದ ಡಿಸ್ಕನ್ನೇ ಅಳಿಸುತ್ತದೆ. ಜನರ ಗದ್ದಲದ ನಡುವೆ ಅದನ್ನು ಬಳಸದಿರುವುದೇ ಒಳ್ಳೆಯದು.

ಯಂತ್ರ ಮುಟ್ಟುವ ಮೊದಲು ಒಂದು ಚೀಟಿ ತುಂಬಿಸಿ: ಹೆಸರು, ಮಾದರಿ, ಈಗ ಏನಿದೆ, ವಿಂಡೋಸ್ ಉಳಿಯಬೇಕೇ ಹೋಗಬೇಕೇ, ಬ್ಯಾಕಪ್ ಇದೆಯೇ. ಬ್ಯಾಕಪ್ ಇಲ್ಲದಿದ್ದರೆ ಇನ್‌ಸ್ಟಾಲ್ ಇಲ್ಲ, ಪೆನ್‌ಡ್ರೈವಿನಿಂದ ಲೈವ್ ಆಗಿ (ಡಿಸ್ಕಿಗೆ ಹಾಕದೆಯೇ) ಓಡಿಸಿ ತೋರಿಸಿ ಕಳಿಸಿ. ‘ಇದರಲ್ಲಿ ಏನೂ ಇಲ್ಲ ಬಿಡಿ’ ಎನ್ನುವವರ ಯಂತ್ರದಲ್ಲೇ ಮಕ್ಕಳ ಹತ್ತು ವರ್ಷದ ಫೋಟೋ ಇರುತ್ತದೆ. ಬ್ಯಾಕಪ್ ಇದೆ ಎಂದರೆ ಅದರೊಳಗಿನ ಒಂದು ಫೈಲನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ.

ಮುಂದಿನದನ್ನು ಇದೇ ಕ್ರಮದಲ್ಲಿ ಮಾಡಿ:

1. ಚಾರ್ಜರ್ ಸಿಕ್ಕಿಸಿ. ಅರ್ಧ ದಾರಿಯಲ್ಲಿ ಬ್ಯಾಟರಿ ಸತ್ತರೆ ಪಾರ್ಟಿಶನ್ ಟೇಬಲ್ ಕೆಡಬಹುದು.

2. ಲೈವ್ ವ್ಯವಸ್ಥೆಯಿಂದ ಸ್ಮಾರ್ಟ್‌ಸಿಟಿಎಲ್ ಕಮ್ಯಾಂಡ್ ಓಡಿಸಿ ಡಿಸ್ಕಿನ ಆರೋಗ್ಯ ನೋಡಿ. ಹಾರ್ಡ್‌ಡಿಸ್ಕ್‌ನಲ್ಲಿ 5 ಮತ್ತು 197ನೆಯ ಸಾಲುಗಳು ಮುಖ್ಯ: ಕೆಟ್ಟು ಬದಲಿಸಲಾದ ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು), ಕೆಟ್ಟಿರುವ ಅನುಮಾನವಿದ್ದು ತೀರ್ಮಾನ ಬಾಕಿಯಿರುವ ಸೆಕ್ಟರ್. 197ರ ಎದುರು ಸೊನ್ನೆಯಲ್ಲದೆ ಬೇರೆ ಸಂಖ್ಯೆ ಇದ್ದರೆ ಅಲ್ಲೇ ನಿಲ್ಲಿಸಿ. ಪಾರ್ಟಿಶನ್ ಕುಗ್ಗಿಸುವಾಗ ಡೇಟಾ ಸರಿಯಬೇಕಾಗುತ್ತದೆ, ಸುಸ್ತಾದ ಡಿಸ್ಕ್ ಆ ಕೆಲಸದಲ್ಲೇ ಕೈಕೊಡಬಹುದು. ಕೊಟ್ಟರೆ ದೂರು ಬಳಗದ ಮೇಲೆ ಬರುತ್ತದೆ.

3. ವಿಂಡೋಸ್ ಉಳಿಯಬೇಕಾದರೆ ಅದರ ಡಿಸ್ಕ್ ಬೀಗ ಬಿಟ್‌ಲಾಕರ್ ಇದೆಯೇ ನೋಡಿ. ಎಷ್ಟೋ ಯಂತ್ರಗಳಲ್ಲಿ ಮಾಲೀಕರಿಗೇ ತಿಳಿಯದಂತೆ ಡಿಸ್ಕ್ ಗೂಢಲಿಪೀಕರಣ ಚಾಲೂ ಇರುತ್ತದೆ. 48 ಅಂಕಿಯ ಮರುಪಡೆ ಕೀಲಿ ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಅವರೇ ಲಾಗಿನ್ ಆಗಿ ಕಾಗದದಲ್ಲಿ ಬರೆದುಕೊಳ್ಳಲಿ. ಸೆಕ್ಯೂರ್ ಬೂಟ್ ಮುಟ್ಟುವ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ಬೂಟ್‌ನಲ್ಲಿ ಆ 48 ಅಂಕಿ ಕೇಳುತ್ತದೆ.

4. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ತೆಗೆದು, ಪೂರ್ತಿ ಶಟ್‌ಡೌನ್ ಮಾಡಿ. ಅದು ಚಾಲೂ ಇದ್ದರೆ ಶಟ್‌ಡೌನ್ ಎಂದು ತೋರುವುದು ಅರೆ ಹೈಬರ್ನೇಟ್. ಆ ಸ್ಥಿತಿಯ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಂ) ಪಾರ್ಟಿಶನ್‌ಗೆ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ.

5. ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ, 40 ಜಿಬಿಯಾದರೂ ಖಾಲಿ ಬಿಡಿ.

6. ಪೆನ್‌ಡ್ರೈವ್ ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರ್ ಕ್ರಮದಲ್ಲಿ ಬೂಟ್ ಆಗಿದೆಯೇ ಪರೀಕ್ಷಿಸಿ. ಸಿಸ್ ಡೈರೆಕ್ಟರಿಯ ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಡೈರೆಕ್ಟರಿ ಇದ್ದರೆ ಹೌದು. ವಿಂಡೋಸ್ ಯುಇಎಫ್‌ಐಯಲ್ಲಿದ್ದು ಪೆನ್‌ಡ್ರೈವ್ ಹಳೆಯ ಬಯೋಸ್ ಕ್ರಮದಲ್ಲಿ ಎದ್ದರೆ ಎರಡಕ್ಕೂ ಒಂದೇ ಬೂಟ್ ಮೆನು ಸಿಗುವುದಿಲ್ಲ.

7. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಡಿಸ್ಕ್ ನಿಭಾಯಿಸುವ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಕ್ರಮ ಚಾಲೂ ಇರಬಹುದು. ಫರ್ಮ್‌ವೇರ್‌ಗೆ ಹೋಗಿ ಥಟ್ಟನೆ ಎಎಚ್‌ಸಿಐ ಎಂಬ ಸಾಮಾನ್ಯ ಕ್ರಮಕ್ಕೆ ಬದಲಿಸಬೇಡಿ, ವಿಂಡೋಸ್ ನೀಲಿ ಪರದೆಗೆ ಬೀಳುತ್ತದೆ. ಮೊದಲು ವಿಂಡೋಸ್‌ಗೆ ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳಲು ಹೇಳಿ, ಆಮೇಲೆ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಆ ಸೂಚನೆ ತೆಗೆಯಿರಿ.

8. ಲೈವ್‌ನಲ್ಲೇ ವೈಫೈ, ಧ್ವನಿ, ಟಚ್‌ಪ್ಯಾಡ್, ಪರದೆಯ ಬೆಳಕು, ಸಸ್ಪೆಂಡ್ ಐದನ್ನೂ ನೋಡಿ. ವೈಫೈ ಏಳದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಅದರ ಇಂಟರ್‌ನೆಟ್ ಹಂಚಿಕೊಳ್ಳಿ, ಬೇಕಾದ ಡ್ರೈವರ್ ಇಳಿಸಲು ಅಷ್ಟು ಸಾಕು. ಡೆಬಿಯನ್ 12ರಿಂದ ಈಚೆಗೆ ವೈಫೈಯಂಥ ಭಾಗಗಳಿಗೆ ಬೇಕಾದ, ಮುಕ್ತವಲ್ಲದ ಫರ್ಮ್‌ವೇರ್ ಅಧಿಕೃತ ಇಮೇಜಿನಲ್ಲೇ ಇರುವುದರಿಂದ ಈ ತಲೆನೋವು ಕಡಿಮೆಯಾಗಿದೆ.

9. ಇನ್‌ಸ್ಟಾಲ್. ಇಎಫ್‌ಐ ಪಾರ್ಟಿಶನ್ ಬಳಸಿ, ಫಾರ್ಮ್ಯಾಟ್ ಮಾಡಬೇಡಿ: ವಿಂಡೋಸ್‌ನ ಬೂಟ್ ಫೈಲುಗಳೂ ಅದರಲ್ಲಿವೆ. ಪಾಸ್‌ವರ್ಡನ್ನು ಮಾಲೀಕರೇ ಒತ್ತಲಿ, ನೀವು ಬೇರೆ ಕಡೆ ನೋಡಿ. ಡಿಸ್ಕ್ ಗೂಢಲಿಪಿ ಹಾಕುವುದಾದರೆ ಬೂಟ್ ಹೊತ್ತಿನ ಕೀಬೋರ್ಡ್ ವಿನ್ಯಾಸ ಬೇರೆಯಿರಬಹುದು, ಚಿಹ್ನೆಗಳಿರುವ ಪಾಸ್‌ವರ್ಡ್ ಅಲ್ಲಿ ತಪ್ಪೆಂದು ತೋರುತ್ತದೆ.

10. ಸೆಕ್ಯೂರ್ ಬೂಟ್ ಇದ್ದು ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಹಾಕಿದ್ದರೆ ಮರುಬೂಟ್‌ನಲ್ಲಿ ನೀಲಿ ಪರದೆಯೊಂದು ಕೀಲಿ ನೋಂದಾಯಿಸಲು ಕೇಳುತ್ತದೆ. ಕೆಲವೇ ಸೆಕೆಂಡು ಕಾಯುತ್ತದೆ. ‘ಮುಂದುವರಿ’ ಒತ್ತಿದರೆ ಕೋರಿಕೆ ಅಳಿಸಿಹೋಗಿ, ಮೋಕ್‌ಯುಟಿಲ್ ಕಮ್ಯಾಂಡಿನಿಂದ ಮತ್ತೆ ಮೊದಲಿಂದ ಮಾಡಬೇಕು. ಹಾಗಾಗಿ ಮರುಬೂಟ್ ಮಾಡುವ ಮೊದಲೇ ಮಾಲೀಕರಿಗೆ ಹೇಳಿಟ್ಟಿರಿ.

11. ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿಪಡುವಂಥದ್ದಿಲ್ಲ. ಬೂಟ್ ಮೆನು ತೋರಿಸುವ ಬೂಟ್‌ಲೋಡರ್ ಗ್ರಬ್‌ನ 2021ರ 2.06ನೆಯ ಆವೃತ್ತಿಯಿಂದ ಬೇರೆ ಸಿಸ್ಟಂ ಹುಡುಕುವ ಓಎಸ್-ಪ್ರೋಬರ್ ಮೂಲದಲ್ಲೇ ಮುಚ್ಚಿರುತ್ತದೆ. ಗ್ರಬ್ ಸಂರಚನೆಯಲ್ಲಿ ಅದನ್ನು ತೆರೆದು ಮೆನು ಮತ್ತೆ ತಯಾರಿಸಿ.

12. ವಿಂಡೋಸ್‌ಗೆ ಮರಳಿದಾಗ ಗಡಿಯಾರ ಕೆಲವು ಗಂಟೆ ತಪ್ಪಿದ್ದರೆ, ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಇಟ್ಟಿದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯವೆಂದು ಓದಿದೆ ಎಂದರ್ಥ. ಎರಡರಲ್ಲಿ ಒಂದನ್ನು ಬದಲಿಸಿ.

ಮೂರು ಯಂತ್ರಕ್ಕೆ ಒಬ್ಬ ಸಹಾಯಕರು, ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳಬೇಡಿ. ಮುಚ್ಚುವ ಹೊತ್ತಿಗೆ 90 ನಿಮಿಷ ಮೊದಲೇ ಹೊಸ ಯಂತ್ರ ತೆಗೆದುಕೊಳ್ಳುವುದನ್ನು ನಿಲ್ಲಿಸಿ. ಇಡೀ ದಿನ ಕಾದು ಹೋದ ಪುಟ್ಟ ಬಂದ ಪುಟ್ಟ ಆದವರಿಗಿಂತ, ಅರ್ಧ ಇನ್‌ಸ್ಟಾಲ್ ಆದ ಯಂತ್ರ ಹೊತ್ತು ಮನೆಗೆ ಹೋದವರ ಪಾಡು ಕಷ್ಟ.

ಇನ್ನೊಂದು ನಿಯಮವನ್ನು ಗೋಡೆಗೆ ಅಂಟಿಸಿ: ಕೀಬೋರ್ಡು ಮಾಲೀಕರದು. ಸಹಾಯಕರು ಬೆರಳು ತೋರಿಸಬಹುದು, ಬಾಯಲ್ಲಿ ಹೇಳಬಹುದು, ಒತ್ತಬಾರದು. ಬಲ್ಲವರು ಅರ್ಧ ನಿಮಿಷದಲ್ಲಿ ಸರಿಮಾಡಿಬಿಟ್ಟರೆ ಮಾಲೀಕರಿಗೆ ಉಳಿಯುವುದು ‘ಏನೋ ಮಾಡಿದರು’ ಎಂಬ ನೆನಪಷ್ಟೇ. ಹತ್ತು ನಿಮಿಷ ತಾವೇ ಒತ್ತಿದವರು ಮುಂದಿನ ಸಲ ಪಕ್ಕದವರಿಗೆ ಹೇಳಿಕೊಡುತ್ತಾರೆ. ನಾಳೆಯ ಸಹಾಯಕರು ಬರುವುದು ಇವರ ನಡುವಿನಿಂದಲೇ.

ವಾದ ಮತ್ತು ನಡವಳಿಕೆ

ಪಠ್ಯ ತಿದ್ದಲು ವಿಐ ಮೇಲೋ ಇಮ್ಯಾಕ್ಸ್ ಮೇಲೋ, ಸಿಸ್ಟಂನ ಸೇವೆಗಳನ್ನು ನಡೆಸಲು ಸಿಸ್ಟಂಡಿ ಬೇಕೋ ಬೇಡವೋ, ಯಾವ ಡಿಸ್ಟ್ರೋ ನಿಜವಾದದ್ದು: ಹಳಬರಿಗೆ ಇವು ಚಹಾದ ಜೊತೆಯ ಮಾತು, ಹೊಸಬರಿಗೆ ಜಗಳದಂತೆ ಕೇಳಿಸುತ್ತದೆ. ವಿರಾಮದಲ್ಲಿ ಬೇಕಾದಷ್ಟು ಆಡಿಕೊಳ್ಳಲಿ, ಮೇಜಿನ ಕೆಲಸದ ನಡುವೆ ಬೇಡ. ಪ್ರಿಂಟರ್ ಓಡುತ್ತಿಲ್ಲ ಎಂದು ಬಂದವರಿಗೆ ‘ಬೇರೆ ಡಿಸ್ಟ್ರೋ ಹಾಕಿಕೊಳ್ಳಿ’ ಎನ್ನುವುದು ಉತ್ತರವಲ್ಲ. ‘ಮ್ಯಾನುಯಲ್ ಓದಿ’ ಎನ್ನಬಹುದು, ಆದರೆ ಯಾವ ಪುಟ ಎಂದು ತೆರೆದು ತೋರಿಸಿ.

ನಡವಳಿಕೆಯ ನಿಯಮ ಅರ್ಧ ಪುಟ ಸಾಕು. ಏನು ಕೂಡದು, ತೊಂದರೆಯಾದರೆ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ. ದೂರು ಕೇಳುವವರು ಇಬ್ಬರಿರಲಿ, ಅವರಲ್ಲಿ ಒಬ್ಬರಾದರೂ ಸ್ಥಾಪಕರಲ್ಲದವರು ಆಗಿರಲಿ, ದೂರು ಸ್ಥಾಪಕರ ಮೇಲೇ ಇರಬಹುದು. ಫೋಟೋ ತೆಗೆಯುವ ಮೊದಲು ಕೇಳಿ, ಮಕ್ಕಳಿದ್ದರೆ ಪೋಷಕರನ್ನು ಕೇಳಿ.

ಹಣ ಮತ್ತು ಸುದ್ದಿ

ಹಣವಿಲ್ಲದೆ ನಡೆಯುವಂತೆ ನೋಡಿಕೊಳ್ಳಿ. ಖರ್ಚು ಬಂದೇ ಬಂದರೆ ಲೆಕ್ಕದ ಫೈಲು ಎಲ್ಲರಿಗೂ ಕಾಣುವಂತಿರಲಿ. ಪ್ರಾಯೋಜಕರು ಸಿಕ್ಕರೆ ನಗದು ಬೇಡ, ಸ್ವಿಚ್ಚೋ ಪೆನ್‌ಡ್ರೈವೋ ಕೋಣೆಯ ಬಾಡಿಗೆಯೋ ನೇರವಾಗಿ ಕೊಡಿಸಲಿ. ಅವರ ಸರಕಿನ ಬಗ್ಗೆ ಐದು ನಿಮಿಷಕ್ಕಿಂತ ಹೆಚ್ಚು ಮಾತು ಬೇಡ.

ಪ್ರಕಟಣೆಗೆ ಒಂದು ಜಾಗ, ಹರಟೆಗೆ ಇನ್ನೊಂದು. ಎರಡನ್ನೂ ಬೆರೆಸಿದರೆ ದಿನಕ್ಕೆ ಇನ್ನೂರು ಸಂದೇಶ ನೋಡಿ ಬೇಸತ್ತವರು ದಿನಾಂಕವನ್ನೂ ನೋಡುವುದಿಲ್ಲ. ಏಳು ದಿನ ಮೊದಲು ಒಮ್ಮೆ, ಹಿಂದಿನ ದಿನ ಒಮ್ಮೆ ತಿಳಿಸಿ: ದಿನ, ವೇಳೆ, ಯಾವ ಮಹಡಿ, ವಿಷಯ, ಏನು ತರಬೇಕು. ಸಭೆ ಮುಗಿದ ಎರಡು ದಿನದೊಳಗೆ ಏನಾಯಿತೆಂದು ಮೂರು ಸಾಲು ಬರೆಯಿರಿ. ಬಾರದವರು ಮುಂದಿನ ಸಲ ಬರುವುದು ಅದನ್ನು ಓದಿ.

ಒಂದು ವರ್ಷ ಕಳೆದ ಮೇಲೆ

ಸೆಪ್ಟೆಂಬರಿನ ಮೂರನೆಯ ಶನಿವಾರದ ತಂತ್ರಾಂಶ ಸ್ವಾತಂತ್ರ್ಯ ದಿನ 2004ರಲ್ಲಿ ಶುರುವಾದದ್ದು. ಆಗಸ್ಟ್ 16 ಡೆಬಿಯನ್ ಹುಟ್ಟಿದ ದಿನ. ಇನ್‌ಸ್ಟಾಲ್ ದಿನಕ್ಕೆ ಇಂಥ ನೆಪ ಸಿಕ್ಕರೆ ಹೊರಗಿನವರನ್ನು ಕರೆಯುವುದು ಸುಲಭ. ಒಂದೆರಡು ಸಭೆಯನ್ನು ಯೋಜನೆಗಳಿಗೆ ಮರಳಿ ಕೊಡುವುದಕ್ಕೆ ಇಡಿ: ಅನುವಾದ, ದಾಖಲೆ ತಿದ್ದುವುದು, ಎಲ್ಲರೂ ಸೇರಿ ಒಂದು ಬಗ್ ಅನ್ನು ಮರಳಿ ಮರಳಿ ತೋರಿಸಿ ಸರಿಯಾದ ವರದಿ ಬರೆಯುವುದು.

ತಲೆ ಎಣಿಸಿ ಬಳಗದ ಆರೋಗ್ಯ ತಿಳಿಯುವುದಿಲ್ಲ. ಮೊದಲ ಸಲ ಬಂದವರಲ್ಲಿ ಎಷ್ಟು ಜನ ಎರಡನೆಯ ಸಲ ಬಂದರು ಎಂಬುದನ್ನು ಬಾಗಿಲಿನ ಕಾಗದಗಳಿಂದ ಲೆಕ್ಕಹಾಕಿ. ಯಾರೂ ಬಾರದಿದ್ದರೆ ವಿಷಯ ಬದಲಿಸಿ ಉಪಯೋಗವಿಲ್ಲ, ಅವರ ಪಕ್ಕ ಯಾರು ಕೂತಿದ್ದರು, ಕೂತಿದ್ದರೇ ಎಂದು ವಿಚಾರಿಸಿ. ವರ್ಷಕ್ಕೊಮ್ಮೆ ಮೂರೂ ಹೊಣೆ ಕೈ ಬದಲಾಗಲಿ. ಹೊಸಬರು ಎರಡು ತಿಂಗಳು ಹಳಬರ ಜೊತೆಗಿದ್ದು ನೋಡಿ, ಆಮೇಲೆ ವಹಿಸಿಕೊಳ್ಳಲಿ. ಬಿಟ್ಟವರು ಅದೇ ಕೆಲಸದಲ್ಲಿ ಮೂಗು ತೂರಿಸದಿರಲಿ.

ಮೂರು ತಿಂಗಳು ಸತತವಾಗಿ ನಾಲ್ವರಿಗಿಂತ ಕಡಿಮೆ ಬಂದರೆ ಅದೇ ದಿನವನ್ನು ಎರಡು ತಿಂಗಳಿಗೊಮ್ಮೆ ಮಾಡಿ, ಅಥವಾ ಹತ್ತಿರದ ಪ್ರೋಗ್ರಾಮಿಂಗ್, ಎಲೆಕ್ಟ್ರಾನಿಕ್ಸ್ ಗುಂಪಿನೊಂದಿಗೆ ಕೋಣೆ ಹಂಚಿಕೊಳ್ಳಿ. ಮುಚ್ಚಲೇಬೇಕಾದರೆ ದಿನಾಂಕ ಹೇಳಿ ಮುಚ್ಚಿ. ರೌಟರ್, ಸ್ವಿಚ್, ಅಡಾಪ್ಟರ್ ಪೆಟ್ಟಿಗೆಯನ್ನು ಬಳಸುವ ಇನ್ನೊಂದು ಗುಂಪಿಗೆ ಕೊಡಿ, ಉಳಿದ ಹಣದ ಲೆಕ್ಕ ಪ್ರಕಟಿಸಿ, ಚೀಟಿಗಳಲ್ಲಿರುವ ಹೆಸರು ವಿವರಗಳನ್ನು ಹರಿದುಹಾಕಿ. ಡೊಮೈನನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿ, ಹುಡುಕಿಕೊಂಡು ಬರುವವರಿಗೆ ಮುಂದೆ ಎಲ್ಲಿಗೆ ಹೋಗಬೇಕೆಂಬ ಒಂದು ಸಾಲು ಅಲ್ಲಿ ಬರೆದಿಡಿ.